ತವರಿನ ಎಣ್ಣೆಯ ತೂಕ

ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟವನು ಎಂಬ ವಿಷಯವನ್ನು ಈಗೀಗ ಯಾರ ಮುಂದೆಯೂ ಎತ್ತುವುದಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರು “ಏನ್ ಕೆಲಸದಲ್ಲಿದ್ರಿ?” ಎಂದು ಕೇಳಿದರೆ “ಸರ್ಕಾರಿ ಕೆಲಸ” ಎಂದು ಹೇಳಿ ಕಿಟಕಿಯಾಚೆ ಸಮುದ್ರ ನೋಡುತ್ತೇನೆ. ಆದರೂ ಪ್ರಯೋಜನವಿಲ್ಲ. ನಮ್ಮ ದ್ವೀಪದ ಪೇಟೆ ಮಿತಿಲಿನಿಯಲ್ಲಿ ಅರ್ಧ ಜನ ನನ್ನ ಶಿಷ್ಯರು, ಇನ್ನರ್ಧ ಶಿಷ್ಯರ ಅಪ್ಪ ಅಮ್ಮಂದಿರು. ಕಳೆದ ಡಿಸೆಂಬರಿನ ಸಂಗತಿ ಎಲ್ಲರ ಕಿವಿಗೂ ತಲುಪಿದೆ. ಮೀನಿನಂಗಡಿಯವನು ಮೀನು ತೂಗಿದ ಮೇಲೆ “ಮೇಷ್ಟ್ರೇ, ಒಂದ್ಸಲ ನೀವೂ ನೋಡ್ಬಿಡಿ” ಎಂದು ತಕ್ಕಡಿಯನ್ನು ನನ್ನ ಕಡೆ ತಿರುಗಿಸುತ್ತಾನೆ. ಇದಕ್ಕಿಂತ ನಾನೇ ಎಲ್ಲವನ್ನೂ ಹೇಳಿಬಿಡುವುದು ವಾಸಿ.

ಎಲ್ಲದಕ್ಕೂ ಮೂಲ ಒಂದು ತಕ್ಕಡಿ. ನಾನು ನಿವೃತ್ತನಾದಾಗ ಶಾಲೆಯವರು ಎಲ್ಲರಿಗೂ ಕೊಡುವ ಹಾಗೆ ಪೆನ್ನು ಕೊಡದೆ ಅಡಿಗೆಮನೆಯಲ್ಲಿಡುವ ತಕ್ಕಡಿಯೊಂದನ್ನು ಕೊಟ್ಟರು. ಒಂದು ಗ್ರಾಂ ಹೆಚ್ಚುಕಡಿಮೆಯಾದರೂ ತೋರಿಸುವಂಥದ್ದು. ಕೊಟ್ಟವರ ಉದ್ದೇಶ ಏನಿತ್ತೋ ಗೊತ್ತಿಲ್ಲ. ನನ್ನ ಹೆಂಡತಿ ಎರಾಸ್ಮಿಯಾ ಮಾತ್ರ ಅದನ್ನು ನೋಡಿದ ಕೂಡಲೇ “ಇವರು ನಿನ್ನ ಮೇಲಿನ ಸಿಟ್ಟನ್ನು ನನ್ನ ಮೇಲೆ ಯಾಕೆ ತೀರಿಸ್ಕೊಂಡ್ರು?” ಎಂದಳು.

ಎರಾಸ್ಮಿಯಾ ಅಡಿಗೆಯಲ್ಲಿ ಎತ್ತಿದ ಕೈ. ಆದರೆ ಅವಳ ಅಳತೆಗಳು ಮೂರೇ: ನೀರಿನ ಲೋಟ, ವೈನಿನ ಗ್ಲಾಸು, ಕಾಫಿಯ ಪುಟ್ಟ ಬಟ್ಟಲು. ಹಿಟ್ಟಿಗೆ ಅದೂ ಇಲ್ಲ. ನಾನು ಪುಸ್ತಕ, ಪೆನ್ಸಿಲು ಹಿಡಿದು ಅಡಿಗೆಮನೆಗೆ ಪಾದಾರ್ಪಣೆ ಮಾಡಿದ ಮೊದಲ ದಿನದ ಸಂಭಾಷಣೆ ಹೀಗಿತ್ತು:

“ಹಿಟ್ಟು ಎಷ್ಟು?”

“ಎಷ್ಟು ಹಿಡಿಯುತ್ತೋ ಅಷ್ಟು.”

“ಎಷ್ಟು ಹಿಡಿಯುತ್ತೆ ಅಂತಲೇ ನಾನು ಕೇಳ್ತಿರೋದು.”

“ಹಾಕ್ತಾ ಹೋದ್ರೆ ಅದೇ ಹೇಳುತ್ತೆ, ಸಾಕು ಅಂತ.”

“ಹಿಟ್ಟು ಹೇಳುತ್ತಾ?”

“ನಿನ್ನ ಹತ್ರ ಹೇಳಲ್ಲ. ನೀನು ಯಾರಿಗೂ ಮಾತಾಡೋಕೆ ಬಿಡಲ್ಲ.”

ನನಗೆ ಮೈಯೆಲ್ಲ ಉರಿಯಿತು. ಸಂಖ್ಯೆ ಬರೆದು ಅದರ ಮುಂದೆ ಏಕಮಾನ ಬರೆಯದ ಹುಡುಗರಿಗೆ ಅರ್ಧ ಅಂಕ ಕಡಿಯುತ್ತಿದ್ದವನು ನಾನು. “ಏಕಮಾನವಿಲ್ಲದ ಉತ್ತರವೂ ಒಂದೇ, ಮಾನವಿಲ್ಲದ ಮನುಷ್ಯನೂ ಒಂದೇ” ಎಂಬುದು ನನ್ನ ಘೋಷವಾಕ್ಯವಾಗಿತ್ತು. (ಹುಡುಗರು ಅದನ್ನು ಶೌಚಾಲಯದ ಗೋಡೆಯ ಮೇಲೆ ನನ್ನ ಚಿತ್ರದ ಕೆಳಗೆ ಬರೆದಿದ್ದರು. ಕೀರ್ತಿಯ ಒಂದು ಬಗೆ ಅದು.) ಅಂಥವನ ಮನೆಯಲ್ಲೇ ಅಳತೆಗಳ ಈ ಅರಾಜಕತೆ! ನಾನು ಕೂತು ಒಂದು ಪಟ್ಟಿ ಮಾಡಿದೆ. ಕಿತ್ತಳೆ ರಸ ಒಂದು ಲೋಟ, ಇನ್ನೂರೈವತ್ತು ಗ್ರಾಂ. ಎಣ್ಣೆ ಒಂದು ಲೋಟ, ಇನ್ನೂರೈವತ್ತು ಗ್ರಾಂ. ಜೇನುತುಪ್ಪ ಒಂದು ಲೋಟ, ಇನ್ನೂರೈವತ್ತು ಗ್ರಾಂ. ಕೆಳಗೆ ಸಹಿ ಹಾಕಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ.

(ನಿಮ್ಮಲ್ಲಿ ಕೆಲವರು ಈಗಾಗಲೇ ನಕ್ಕಿರಬಹುದು. ನಗಿ. ಆದರೆ ನನ್ನ ಕಷ್ಟವನ್ನೂ ಸ್ವಲ್ಪ ಕೇಳಿ. ನಮ್ಮಲ್ಲಿ ಹೋಟೆಲಿನಲ್ಲಿ ಕೂತು ವೈನ್ ಕೇಳುವುದು ಅರ್ಧ ಕಿಲೋ ಎಂದು. ಎಣ್ಣೆ ಕೇಳುವುದೂ ಕಿಲೋ ಎಂದೇ. ಲೀಟರು ಎಂದವನನ್ನು ಪರದೇಶಿ ಎಂದುಕೊಳ್ಳುತ್ತಾರೆ. ಸಾಂದ್ರತೆಯ ಪಾಠ ಶಾಲೆಯಲ್ಲಿ, ಕಿಲೋದ ಮಾತು ಊಟದ ಮೇಜಿನಲ್ಲಿ. ಎರಡೂ ನನ್ನ ತಲೆಯಲ್ಲಿ ಮಾತುಬಿಟ್ಟ ಓರಗಿತ್ತಿಯರ ಹಾಗೆ ಬೇರೆ ಬೇರೆ ಕೋಣೆಯಲ್ಲಿದ್ದವು.)

ಡಿಸೆಂಬರ್ ನಾಲ್ಕು ಸಂತ ವರ್ವಾರಾಳ ಹಬ್ಬ. ನನ್ನ ಅತ್ತೆಯ ಹೆಸರೂ ವರ್ವಾರಾ, ಹಾಗಾಗಿ ಅವತ್ತು ಅವರ ಹೆಸರಿನ ದಿನ, ನಮ್ಮಲ್ಲಿ ಹುಟ್ಟುಹಬ್ಬಕ್ಕಿಂತ ದೊಡ್ಡದು. ಬೆಟ್ಟದ ಮೇಲಿನ ಹಳ್ಳಿಯಲ್ಲಿ, ಭಾವಮೈದ ಪ್ರೊಕೋಪಿಸನ ಮನೆಯಲ್ಲಿ ಊಟ. ಎರಾಸ್ಮಿಯಾ ಪ್ರತಿ ವರ್ಷವೂ ಜೇನಿನಲ್ಲಿ ಅದ್ದಿದ ಬಿಸ್ಕತ್ತು ನೂರು ಮಾಡಿಕೊಂಡು ಹೋಗುತ್ತಾಳೆ. ಆ ಹಳ್ಳಿಯಲ್ಲಿ ಅವಳ ಹೆಸರು ಉಳಿದಿರುವುದೇ ಆ ಬಿಸ್ಕತ್ತಿನಿಂದ. ಈ ಸಲ ಅವಳಿಗೆ ಮಣಿಕಟ್ಟು ನೋವು. “ನಾನು ಅಳತೆ ಮಾಡಿ ಹಾಕ್ತೀನಿ, ನೀನು ಕಲಸು ಸಾಕು” ಎಂದೆ. ನೋವಿನಲ್ಲಿ ಮನುಷ್ಯರು ಎಂಥೆಂಥದಕ್ಕೋ ಒಪ್ಪಿಬಿಡುತ್ತಾರೆ.

ನಾಲ್ಕು ಲೋಟ ಎಣ್ಣೆ ಬೇಕಿತ್ತು. ತಕ್ಕಡಿಯ ಮೇಲೆ ಲೋಟವಿಟ್ಟು, ಸೊನ್ನೆ ಮಾಡಿ, ಎಣ್ಣೆ ಸುರಿದೆ. ಲೋಟ ಕಂಠಮಟ್ಟ ತುಂಬಿತು. ತಕ್ಕಡಿ ಇನ್ನೂರ ಇಪ್ಪತ್ತೊಂಬತ್ತು ಎಂದಿತು.

“ಎರಾಸ್ಮಿಯಾ, ನಿನ್ನ ಲೋಟ ಸುಳ್ಳು ಹೇಳ್ತಿದೆ.”

“ಇಪ್ಪತ್ತಾರು ವರ್ಷದಿಂದ ಸುಳ್ಳು ಹೇಳಿಲ್ಲ, ಇವತ್ತು ಹೇಳುತ್ತಾ?”

“ಇಪ್ಪತ್ತೊಂದು ಗ್ರಾಂ ಕಡಿಮೆ ಇದೆ.”

“ಲೋಟ ತುಂಬಿದ್ಯೋ ಇಲ್ವೋ?”

“ತುಂಬಿದೆ.”

“ಹಾಗಾದ್ರೆ ಸುರಿ, ನಿಲ್ಲಿಸ್ಬೇಡ.”

ನಾನು ಸುರಿದೆ. ಸುರಿದು, ಪ್ರತಿ ಲೋಟಕ್ಕೂ ಇಪ್ಪತ್ತೊಂದು ಗ್ರಾಂ ದಂಡವನ್ನೂ ವಸೂಲು ಮಾಡಿ ಸೇರಿಸಿದೆ. ಜೇನು ಸುರಿಯುವಾಗ ಉಲ್ಟಾ ಆಯಿತು. ಲೋಟದ ಮುಕ್ಕಾಲು ಭಾಗಕ್ಕೂ ಬರುವ ಮೊದಲೇ ಇನ್ನೂರೈವತ್ತು ಬಂದುಬಿಟ್ಟಿತು. “ಇಷ್ಟು ದಿನ ಎಷ್ಟು ಜೇನು ದಂಡ ಮಾಡಿದ್ದೀಯ” ಎಂದು ಹೆಮ್ಮೆಯಿಂದ ನಿಲ್ಲಿಸಿದೆ. ಸಂಜೆ ಬಿಸ್ಕತ್ತುಗಳು ಒಲೆಯಿಂದ ಹೊರಬಂದಾಗ ಅವುಗಳ ಕೆಳಗೆ ಎಣ್ಣೆಯ ಕೆರೆಯಿತ್ತು. ಬಾಯಿಗಿಟ್ಟರೆ ಸಪ್ಪೆ. ಎರಾಸ್ಮಿಯಾ ಒಂದನ್ನು ಮುರಿದು ತಿಂದಳು, ಕಣ್ಣು ಒರೆಸಿಕೊಂಡಳು. ಇನ್ನೊಂದು ಸಲ ಮಾಡೋಣವೆಂದರೆ ಕೈಯಲ್ಲಿ ಶಕ್ತಿಯಿಲ್ಲ, ಮರುದಿನ ಬೆಳಿಗ್ಗೆಯೇ ಹಬ್ಬ.

ಆಗ ಒಬ್ಬ ಮರ್ಯಾದಸ್ಥ “ತಪ್ಪು ನನ್ನದು” ಎನ್ನುತ್ತಿದ್ದ. ನಾನು “ತಪ್ಪು ಎಣ್ಣೆಯದು” ಎಂದೆ.

ಇಲ್ಲಿ ಎಣ್ಣೆಯ ಬಗ್ಗೆ ಹೇಳಲೇಬೇಕು. ಪ್ರೊಕೋಪಿಸನಿಗೆ ಆಲಿವ್ ಮರಗಳಿವೆ. ನಮ್ಮ ಮದುವೆಯಾದ ಲಾಗಾಯ್ತಿನಿಂದ, ಇಪ್ಪತ್ತಾರು ವರ್ಷ, ತಪ್ಪದೆ ಅಕ್ಕನಿಗೆ ವರ್ಷಕ್ಕೊಂದು ತಗಡಿನ ಡಬ್ಬ ಹೊಸ ಎಣ್ಣೆ ಕಳಿಸುತ್ತಾನೆ. ಡಬ್ಬದ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ‘ಹದಿನೇಳು’ ಎಂದು ಬರೆದಿರುತ್ತಾನೆ. ಡಬ್ಬ ಬಂದ ದಿನ ಎರಾಸ್ಮಿಯಾಳ ಮುಖ ನೋಡಬೇಕು. ಬ್ರೆಡ್ಡಿನ ತುಂಡನ್ನು ಅದ್ದಿ ತಿಂದು “ನಮ್ಮ ಮನೆ ಎಣ್ಣೆ” ಎನ್ನುತ್ತಾಳೆ. ನಮ್ಮ ಮನೆ ಎಂದರೆ ಅವಳ ತವರು. ನಾನು ಸಂಬಳ ತಂದು ಕಟ್ಟಿಸಿದ ಈ ಮನೆಯನ್ನು ಅವಳು ಇವತ್ತಿಗೂ ‘ಇಲ್ಲಿ’ ಎನ್ನುತ್ತಾಳೆ, ಅಷ್ಟೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ಆ ಡಬ್ಬವನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಜೊತೆಗೆ ಪ್ರೊಕೋಪಿಸ್ ಸಿಕ್ಕಾಗಲೆಲ್ಲ “ಭಾವ, ನೀವು ಪೇಟೆಯವರು, ನಿಮಗೆ ಮರ ಅಂದ್ರೆ ಬೆಂಚು ಮಾಡೋ ವಸ್ತು” ಎಂದು ಕೆಣಕುತ್ತಾನೆ.

ಹೀಗಾಗಿ ಆ ಸಂಜೆ ನನ್ನ ಕಣ್ಣು ಮೂಲೆಯಲ್ಲಿದ್ದ ಹೊಸ ಡಬ್ಬದ ಮೇಲೆ ಬಿತ್ತು. ಇನ್ನೂ ಮುಚ್ಚಳ ತೆಗೆದಿರಲಿಲ್ಲ. ಬಿಸ್ಕತ್ತಿಗೆ ಹಳೆಯ ಡಬ್ಬದ ಕೊನೆಯ ಎಣ್ಣೆ ಖಾಲಿಯಾಗಿತ್ತು. ಬಚ್ಚಲುಮನೆಯಲ್ಲಿದ್ದ, ಮೈತೂಕ ನೋಡುವ ಯಂತ್ರವನ್ನು ಎಳೆದುಕೊಂಡು ಬಂದೆ. ಮೊದಲು ನಾನೊಬ್ಬನೇ ನಿಂತೆ: ಎಂಬತ್ತನಾಲ್ಕು. ಡಬ್ಬ ಎತ್ತಿಕೊಂಡು ನಿಂತೆ: ನೂರೂವರೆ. ಖಾಲಿ ಡಬ್ಬವನ್ನು ತೂಗಿದೆ: ಒಂಬೈನೂರು ಗ್ರಾಂ. (ಪಾತ್ರೆಯ ತೂಕ ಕಳೆಯುವುದನ್ನು ಮಾತ್ರ ಮರೆತಿರಲಿಲ್ಲ ನೋಡಿ. ಬುದ್ಧಿವಂತಿಕೆ ಎಲ್ಲ ಅಲ್ಲಿಯೇ ಖರ್ಚಾಯಿತು.) ಉಳಿದದ್ದು ಹದಿನೈದು ಕಿಲೋ ಆರುನೂರು ಗ್ರಾಂ.

“ಎರಾಸ್ಮಿಯಾ, ನಿನ್ನ ತಮ್ಮ ಒಂದು ಕಿಲೋ ನಾನೂರು ಗ್ರಾಂ ತಿಂದಿದ್ದಾನೆ.”

ಅವಳು ಬಿಸ್ಕತ್ತಿನ ತಟ್ಟೆಯಿಂದ ತಲೆಯೆತ್ತಿದಳು. “ಏನಂದೆ?”

“ಡಬ್ಬದ ಮೇಲೆ ಹದಿನೇಳು ಅಂತಿದೆ. ಒಳಗೆ ಅಷ್ಟಿಲ್ಲ. ಇಪ್ಪತ್ತಾರು ವರ್ಷಕ್ಕೆ ಮೂವತ್ತಾರು ಕಿಲೋ ಆಯ್ತು. ಎರಡು ಡಬ್ಬಕ್ಕಿಂತ ಜಾಸ್ತಿ.”

ಅವಳು ಎದ್ದು ಬಂದು ಡಬ್ಬದ ಮುಚ್ಚಳ ತೆಗೆದಳು. ಎಣ್ಣೆ ಅಂಚಿನವರೆಗೆ ಇತ್ತು. “ಡಬ್ಬ ತುಂಬಿದೆಯಲ್ಲೋ. ಇನ್ನೂ ಒಂದೂವರೆ ಕಿಲೋ ಹಾಕಬೇಕು ಅಂದ್ರೆ ಎಲ್ಲಿ ಹಾಕೋದು, ಅವನ ಜೇಬಿಗಾ?”

“ಡಬ್ಬವನ್ನೇ ಚಿಕ್ಕದು ಮಾಡಿಸಿರ್ತಾನೆ. ಇದು ವಿಜ್ಞಾನದ ವಿಷಯ, ನಿನಗೆ ಅರ್ಥ ಆಗಲ್ಲ.”

ಈ ಎರಡನೆಯ ವಾಕ್ಯವನ್ನು ನೆನೆಸಿಕೊಂಡರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ಅವಳು ಮುಚ್ಚಳ ಹಾಕಿದಳು. “ಉಂಡ ಮನೆ ಜಂತೆ ಎಣಿಸೋ ಬುದ್ಧಿ ಯಾವಾಗ ಕಲಿತೆ? ನಾಳೆ ಅಮ್ಮನ ಹಬ್ಬ. ಅಲ್ಲಿ ಈ ಮಾತು ನಿನ್ನ ಬಾಯಿಂದ ಬಂದ್ರೆ ನೋಡು” ಎಂದಳು. ನಾನು ಆಗಲಿ ಎಂದೆ. ಲೆಕ್ಕ ಬರೆದ ಕಾಗದವನ್ನು ಮಾತ್ರ ಮಡಿಸಿ ಕೋಟಿನ ಒಳಜೇಬಿಗೆ ಇಟ್ಟುಕೊಂಡೆ, ಸುಮ್ಮನೆ ಇರಲಿ ಎಂದು.

ಮರುದಿನ ಪೂಜೆ ಮುಗಿಸಿಕೊಂಡು ಹಳ್ಳಿಯ ಪಾದ್ರಿಯೂ ಊಟಕ್ಕೆ ಬಂದಿದ್ದರು. ಪಾದ್ರಿ ಇಗ್ನಾತಿಸ್, ನನ್ನ ಹಳೆಯ ಶಿಷ್ಯ. ಭೌತಶಾಸ್ತ್ರದಲ್ಲಿ ನಾನು ಅವರಿಗೆ ಇಪ್ಪತ್ತಕ್ಕೆ ನಾಲ್ಕು ಕೊಟ್ಟಿದ್ದೆ. ಆಮೇಲೆ ಅವರು ದೇವರ ಕಡೆ ಹೋದರು. (ಎರಡಕ್ಕೂ ಸಂಬಂಧವಿದೆ ಎಂದು ಅವರ ತಾಯಿ ಹೇಳುತ್ತಾರೆ.) ಕ್ರಿಸ್‌ಮಸ್ಸಿನ ಮುಂಚಿನ ಉಪವಾಸದ ದಿನಗಳು, ಮಾಂಸವಿಲ್ಲ. ಮೇಜಿನ ತುಂಬ ಬೀನ್ಸು, ಉಪವಾಸಕ್ಕೆ ನಡೆಯುವ ಆಕ್ಟೋಪಸ್ಸು, ಎಲೆಕೋಸಿನ ಸಲಾಡು. ಮೂಲೆಯಲ್ಲಿ ಸಂತ ವರ್ವಾರಾಳ ಪಟದ ಮುಂದೆ ಗಾಜಿನ ಬಟ್ಟಲಲ್ಲಿ ದೀಪ ಉರಿಯುತ್ತಿತ್ತು. ಅತ್ತೆ ಹೊಸ ಸ್ವೆಟರು ಹಾಕಿಕೊಂಡು ಎಂಬತ್ತಾರರ ರಾಣಿಯ ಹಾಗೆ ಕೂತಿದ್ದರು.

ಸಲಾಡು ಬಾಯಿಗಿಟ್ಟೆ. ಅದರ ಮೇಲೆ ಸುರಿದ ಎಣ್ಣೆಗೆ ರುಚಿಯೂ ಇಲ್ಲ, ವಾಸನೆಯೂ ಇಲ್ಲ, ಬಣ್ಣವಂತೂ ಮೊದಲೇ ಇಲ್ಲ. ಅಲ್ಲಿಗೆ ನನ್ನ ಸಂಶಯ ಗಟ್ಟಿಯಾಯಿತು. ಒಳ್ಳೆಯ ಎಣ್ಣೆಯನ್ನು ಒಳಗಿಟ್ಟು ನೆಂಟರಿಗೆ ಇಂಥದ್ದು ಬಡಿಸುತ್ತಾನಲ್ಲ, ಎಂಥ ಜುಗ್ಗ ಇವನು ಎಂದುಕೊಂಡು ಎರಡು ಗ್ಲಾಸು ಊಝೋ, ನಮ್ಮ ಸೋಂಪಿನ ಮದ್ಯ, ಕುಡಿದೆ. ಮೂರನೆಯದು ಕುಡಿಯುವ ಹೊತ್ತಿಗೆ ಬಿಸ್ಕತ್ತಿನ ತಟ್ಟೆ ಬಂತು. ಎಲ್ಲರೂ ಒಂದೊಂದು ತೆಗೆದುಕೊಂಡರು. ಎಲ್ಲರ ಮುಖವೂ ಹರಳೆಣ್ಣೆ ಕುಡಿದ ಹಾಗಾಯಿತು. ಎರಾಸ್ಮಿಯಾ ಮೇಜುಬಟ್ಟೆಯ ಅಂಚನ್ನು ಸುರುಳಿ ಸುತ್ತುತ್ತ ಕೂತಿದ್ದಳು.

ಪ್ರೊಕೋಪಿಸ್ ಅಕ್ಕನ ಮುಖ ನೋಡಿ ಮೆಲ್ಲಗೆ, “ಚೆನ್ನಾಗೇ ಇದೆ ಕಣಕ್ಕಾ. ಎಣ್ಣೆ ಒಂಚೂರು ಮುಂದಾಗಿದೆ ಅಷ್ಟೆ” ಎಂದ.

ಅವನು ಅವಳನ್ನು ಸಮಾಧಾನ ಮಾಡುತ್ತಿದ್ದ. ಅದು ನನಗೆ ಈಗ ಗೊತ್ತಾಗುತ್ತದೆ.

“ಎಣ್ಣೆ ಮುಂದಾಗಿದೆಯಾ?” ಎಂದೆ. “ಕಡಿಮೆ ಎಣ್ಣೆ ಕಳಿಸೋರು ಆಡೋ ಮಾತಾ ಇದು?”

“ಥೆಮಿಸ್,” ಎಂದಳು ಎರಾಸ್ಮಿಯಾ. ನನ್ನ ಪೂರ್ತಿ ಹೆಸರು ಥೆಮಿಸ್ಟೋಕ್ಲಿಸ್. ಥೆಮಿಸ್ ಎಂದು ಅವಳು ಅಷ್ಟು ತಗ್ಗಿದ ದನಿಯಲ್ಲಿ ಕರೆದರೆ ಬಾಯಿ ಮುಚ್ಚು ಎಂದರ್ಥ. ನಾನು ಮುಚ್ಚಲಿಲ್ಲ. ಕಾಗದ ಹೊರತೆಗೆದು, ಕನ್ನಡಕ ಏರಿಸಿ, ತರಗತಿಯಲ್ಲಿ ಅಂಕ ಓದುವ ದನಿಯಲ್ಲಿ ಓದಿದೆ. ಬರೆದದ್ದು ಹದಿನೇಳು. ಇದ್ದದ್ದು ಹದಿನೈದು ಕಿಲೋ ಆರುನೂರು. ವರ್ಷಕ್ಕೆ ಇಷ್ಟು. ಇಪ್ಪತ್ತಾರು ವರ್ಷಕ್ಕೆ ಇಷ್ಟು.

ಪ್ರೊಕೋಪಿಸ್ ಫೋರ್ಕನ್ನು ಕೆಳಗಿಟ್ಟ. ಅವನ ಕತ್ತು ಕೆಂಪಗಾಯಿತು. “ಡಬ್ಬ ತುಂಬಿಸಿ ಕಳಿಸಿದ್ದೀನಿ ಭಾವ. ಪ್ರತಿ ಸಲಾನೂ ಅಷ್ಟೆ.”

“ನಾನು ತೂಗಿದ್ದೀನಯ್ಯ. ತೂಕಕ್ಕಿಂತ ಸಾಕ್ಷಿ ಬೇಕಾ?”

ಪಾದ್ರಿ ಇಗ್ನಾತಿಸ್ ಗಡ್ಡದಿಂದ ಬಿಸ್ಕತ್ತಿನ ಪುಡಿ ಒರೆಸಿಕೊಂಡರು. “ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ನಂಗೊಂದು ಸಂದೇಹ. ಹದಿನೇಳು ಅಂದ್ರಲ್ಲ, ಹದಿನೇಳು ಏನು? ಏಕಮಾನ ಹೇಳ್ಲಿಲ್ಲ ನೀವು.”

“ಏನು ಅಂದ್ರೆ? ಕಿಲೋ.”

“ಡಬ್ಬದ ಮೇಲೆ ಕಿಲೋ ಅಂತ ಬರ್ದಿದ್ಯಾ?”

ಬರೆದಿರಲಿಲ್ಲ. ಅದನ್ನು ಸೇರಿಸಿದವನು ನಾನು.

“ಒಂದ್ನಿಮಿಷ ಆ ದೀಪ ನೋಡಿ” ಎಂದರು ಪಾದ್ರಿ. “ಬಟ್ಟಲಲ್ಲಿ ಕೆಳಗಿರೋದು ಏನು?”

ಪಾಠ ಒಪ್ಪಿಸುವ ಹುಡುಗನ ಹಾಗೆ “ನೀರು” ಎಂದೆ.

“ಮೇಲೆ?”

“ಎಣ್ಣೆ.”

“ಮೇಲೆ ಯಾಕಿದೆ?”

ನಾನು ಬಾಯಿ ತೆರೆದೆ. ಒಳಗೆ ಎಲ್ಲೋ ಮಾತುಬಿಟ್ಟಿದ್ದ ಆ ಓರಗಿತ್ತಿಯರಿಬ್ಬರೂ ಒಟ್ಟಿಗೆ ಬಾಗಿಲು ತೆಗೆದರು. ನಾನು ಬಾಯಿ ಮುಚ್ಚಿದೆ.

ಉತ್ತರ ಹೇಳಿದವರು ಅತ್ತೆ. “ಎಣ್ಣೆ ಹಗುರ ಕಣಪ್ಪಾ. ಅದೇನು ದೊಡ್ಡ ವಿಷ್ಯಾನಾ? ನಾನು ಶಾಲೆ ಮೆಟ್ಲು ಹತ್ತಿದೋಳಲ್ಲ. ದಿನಾ ದೀಪ ಹಚ್ಚೋಳಿಗೆ ಅಷ್ಟೂ ಕಾಣಲ್ವಾ?”

ಡಬ್ಬ ಹಿಡಿಯುವುದು ಹದಿನೇಳು ಲೀಟರು. ಹದಿನೇಳು ಲೀಟರು ಆಲಿವ್ ಎಣ್ಣೆ ಎಷ್ಟು ತೂಗುತ್ತದೆ ಎಂದು ನನ್ನ ತಲೆ, ಯಾರೂ ಕೇಳದಿದ್ದರೂ, ತಾನೇ ಗುಣಿಸಿತು. ಹದಿನೈದು ಕಿಲೋ ಐನೂರ ಎಪ್ಪತ್ತು ಗ್ರಾಂ. ನಾನು ತೂಗಿದ್ದು ಹದಿನೈದು ಕಿಲೋ ಆರುನೂರು. ಅಂದರೆ ಆ ಕಳ್ಳ ಮೂವತ್ತು ಗ್ರಾಂ ಹೆಚ್ಚೇ ಹಾಕಿ ಕಳಿಸಿದ್ದ.

ಅಲ್ಲಿಗೆ ನಿಲ್ಲಿಸಿದ್ದರೆ ಜನ ನಕ್ಕು ಸುಮ್ಮನಾಗುತ್ತಿದ್ದರು. ಪಾದ್ರಿಗಳ ತುಟಿ ಆಗಲೇ ಬಿರಿಯುತ್ತಿತ್ತು. ಆದರೆ ಸೋತವನಿಗೆ ಕೊನೆಗೊಂದು ಮಾತಾಡಿ ಗೆಲ್ಲುವ ಚಟ ಇರುತ್ತದಲ್ಲ. “ಹೋಗಲಿ, ಲೆಕ್ಕದಲ್ಲಿ ತಪ್ಪಾಯ್ತು. ಆದ್ರೆ ಒಳ್ಳೆ ಎಣ್ಣೆ ಒಳಗಿಟ್ಟು ನಮಗೆ ಈ ಸಪ್ಪೆ ಎಣ್ಣೆ ಬಡಿಸಿದ್ದೀಯಲ್ಲ, ಅದಕ್ಕೇನಂತೀಯ?” ಎಂದೆ.

ಪ್ರೊಕೋಪಿಸ್ ಅತ್ತೆಯ ಕಡೆ ನೋಡಿ “ಅಮ್ಮಾ, ಸುಮ್ನಿರು” ಎಂದ.

“ಯಾಕೆ ಸುಮ್ನಿರ್ಲಿ? ಅವನು ತೂಗಿದ್ದಾನಲ್ಲ, ಇದನ್ನೂ ತೂಗ್ಲಿ” ಎಂದರು ಅತ್ತೆ. “ನೋಡು ಮಗಾ, ಈ ವರ್ಷ ಕಾಯಿಗೆಲ್ಲ ನೊಣ ಬಿತ್ತು. ಇಷ್ಟು ಮರದಿಂದ ಬಂದಿದ್ದು ಎರಡೇ ಡಬ್ಬ. ಒಂದು ಹರಕೆದು, ಚರ್ಚಿನ ದೀಪಕ್ಕೆ ಹೋಯ್ತು. ಇನ್ನೊಂದನ್ನ ಇವನು ನಿಮ್ಮನೆಗೆ ಕಳಿಸ್ದ. ಅಕ್ಕ ಬೇಜಾರು ಮಾಡ್ಕೋತಾಳೆ, ಹೇಳ್ಬೇಡ ಅಂದ. ನಾವು ತಿನ್ನೋದು ಅಂಗಡಿಯ ಸೂರ್ಯಕಾಂತಿ ಎಣ್ಣೆ. ಅದಕ್ಕೆ ಸಪ್ಪೆ.”

ಆಲಿವ್ ತೋಟದವನ ಮನೆಯ ಮೇಜಿನ ಮೇಲೆ ಅಂಗಡಿಯ ಸೂರ್ಯಕಾಂತಿ ಎಣ್ಣೆ. ಅವನಿಗೆ ಅದು ಎಂಥ ಅವಮಾನ ಎಂದು ನಮ್ಮ ದ್ವೀಪದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದನ್ನು ಊರ ಪಾದ್ರಿಯ ಎದುರು ನಾನು ಬಯಲು ಮಾಡಿಸಿದ್ದೆ. ನೆಲ ಬಿರಿದು ನನ್ನನ್ನು ನುಂಗಬಾರದೇ ಎನಿಸಿತು. ಎರಾಸ್ಮಿಯಾ ತಮ್ಮನ ಹತ್ತಿರ ಹೋಗಿ ಅವನ ತಲೆಯ ಮೇಲೆ ಕೈಯಿಟ್ಟಳು. ಅವನು ಎದ್ದು ಹಿತ್ತಲಿಗೆ ಹೋದವನು ನಾವು ಹೊರಡುವವರೆಗೂ ಒಳಗೆ ಬರಲಿಲ್ಲ.

ಬೆಟ್ಟದಿಂದ ಮನೆಗೆ ಕಾರಿನಲ್ಲಿ ನಲವತ್ತು ನಿಮಿಷ. ಎರಾಸ್ಮಿಯಾ ಉಳಿದ ಬಿಸ್ಕತ್ತಿನ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಬಯ್ದಿದ್ದರೆ ಎಷ್ಟೋ ಹಾಯೆನಿಸುತ್ತಿತ್ತು. ಮನೆಗೆ ಬಂದವಳೇ ಫ್ರಿಜ್ಜಿನ ಮೇಲಿನ ನನ್ನ ಪಟ್ಟಿಯನ್ನು ಕಿತ್ತಳು. ಸಹಿಯಿದ್ದ ಮೂಲೆ ಮಾತ್ರ ಅಲ್ಲೇ ಅಂಟಿಕೊಂಡು ಉಳಿಯಿತು.

“ಕೇಳಿ ಮೇಷ್ಟ್ರೇ” ಎಂದಳು. ಅವಳು ನನಗೆ ಬಹುವಚನ ಹಚ್ಚಿದರೆ ಕಾಲ ಕೆಟ್ಟಿದೆ ಎಂದೇ ತಿಳಿಯಬೇಕು. “ನಾಳೆ ಬೆಳಿಗ್ಗೆ ಆ ಡಬ್ಬದಲ್ಲಿ ಅರ್ಧ ಎಣ್ಣೆ ವಾಪಸ್ ಹೋಗ್ಬೇಕು. ತಗೊಂಡು ಹೋಗೋರು ನೀವು. ಅಲ್ಲಿ ಏನು ಹೇಳ್ತೀರೋ, ಕಾಲಿಗೆ ಬೀಳ್ತೀರೋ, ನಂಗೆ ಬೇಡ. ಕ್ರಿಸ್‌ಮಸ್ ದಿನ ನನ್ನ ತಮ್ಮ ಈ ಮೇಜಿಗೆ ಬಂದು ಕೂತ್ಕೋಬೇಕು. ಅವನು ಬರ್ಲಿಲ್ಲ ಅಂದ್ರೆ ನಾನು ಅಲ್ಲಿಗೆ ಹೋಗಿ ಕೂತ್ಕೋತೀನಿ. ವಾಪಸ್ ಯಾವಾಗ ಬರ್ತೀನಿ ಅಂತ ಕೇಳ್ಬೇಡಿ.”

ಬೆಳಿಗ್ಗೆ ಎದ್ದು ಹಳೆಯ ಖಾಲಿ ಡಬ್ಬಕ್ಕೆ ಅರ್ಧ ಎಣ್ಣೆ ಬಗ್ಗಿಸಿದೆ. ಎರಡೂ ಡಬ್ಬಗಳನ್ನು ಪಕ್ಕಪಕ್ಕ ಇಟ್ಟು, ಒಳಗೆ ಕಡ್ಡಿ ಇಳಿಸಿ, ಗುರುತು ಮಾಡಿ, ಒಂದು ಕೂದಲಿನಷ್ಟೂ ಹೆಚ್ಚುಕಡಿಮೆ ಇಲ್ಲದಂತೆ ಸಮ ಮಾಡಿದೆ. ದಾರಿಯುದ್ದಕ್ಕೂ ಕ್ಷಮಾಪಣೆಯ ಭಾಷಣ ಅಭ್ಯಾಸ ಮಾಡಿದೆ. ಅದರಲ್ಲಿ ‘ವಿಷಾದ’ ಎಂಬ ಪದ ಮೂರು ಸಲ, ‘ಅಚಾತುರ್ಯ’ ಎರಡು ಸಲ ಬರುತ್ತಿತ್ತು.

ಪ್ರೊಕೋಪಿಸ್ ಅಂಗಳದಲ್ಲಿ ಸೌದೆ ಒಡೆಯುತ್ತಿದ್ದ. ನನ್ನನ್ನು ನೋಡಿದ, ಮತ್ತೊಂದು ಕೊರಡನ್ನು ಎತ್ತಿಟ್ಟುಕೊಂಡ. ಭಾಷಣ ಮರೆತುಹೋಯಿತು.

“ಪ್ರೊಕೋಪಿಸ್, ನಾನೊಬ್ಬ ಕತ್ತೆ.”

“ಅದು ಹಳೇ ಸುದ್ದಿ.” ಕೊಡಲಿ ಬಿತ್ತು, ಕೊರಡು ಎರಡಾಯಿತು. “ಹೊಸದೇನಾದ್ರೂ ಇದ್ರೆ ಹೇಳಿ.”

“ನಿನ್ನ ಡಬ್ಬ ಕಂಡ್ರೆ ನಂಗೆ ಹೊಟ್ಟೆಕಿಚ್ಚು.”

ಅವನು ಕೊಡಲಿಯನ್ನು ನೆಲಕ್ಕೆ ಊರಿ ನಿಂತ. “ಡಬ್ಬ ಕಂಡ್ರಾ?”

“ಹೂಂ. ಅದು ಮನೆಗೆ ಬಂದ ದಿನ ನಿಮ್ಮಕ್ಕನ ಮುಖ ಅರಳುತ್ತೆ. ನಾನು ಮನೆಗೆ ಬಂದ ದಿನ ಒಂದು ಸಲಾನೂ ಹಾಗೆ ಅರಳಿಲ್ಲ. ಅದಕ್ಕೇ, ಕಡಿಮೆ ಅಂತ ತಕ್ಕಡಿ ತೋರಿಸ್ದಾಗ ಖುಷಿಯಾಗಿ ನಂಬ್ಬಿಟ್ಟೆ. ನಂಬೋಕೆ ಮನಸ್ಸಿತ್ತು.”

ಇದು ಅಭ್ಯಾಸ ಮಾಡಿಕೊಂಡು ಹೋದ ಮಾತಾಗಿರಲಿಲ್ಲ. ಅತ್ತೆ ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತಿದ್ದರು. ಪ್ರೊಕೋಪಿಸನ ಕಣ್ಣು ನನ್ನ ಕೈಯಲ್ಲಿದ್ದ ಡಬ್ಬದ ಮೇಲೆ ಬಿತ್ತು.

“ಏನದು?”

“ಎಣ್ಣೆ. ನಿಮ್ಮಕ್ಕ ಕಳಿಸಿದ್ದು. ಸರಿಯಾಗಿ ಅರ್ಧ ಇದೆ.”

ಅವನು ಹುಬ್ಬು ಗಂಟಿಕ್ಕಿದ. ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. “ಅರ್ಧ ಅಂದ್ರೆ ಯಾವ ಅರ್ಧ ಭಾವ? ತೂಕದಲ್ಲಿ ಅರ್ಧಾನೋ, ಅಳತೇಲಿ ಅರ್ಧಾನೋ? ಎರಡೂ ಬೇರೆ ಬೇರೆ ಅಂತ ನಿನ್ನೆ ಪಾದ್ರಿಗಳು ತೋರಿಸಿದ್ರಲ್ಲ. ಮತ್ತೆ ಮೋಸ ಗೀಸ ಆಗ್ಬಾರ್ದು ನೋಡಿ.”

ಈ ಸಲ ತಪ್ಪಾದರೆ ನಾನು ಕೆಟ್ಟೆ. “ಅಳತೇಲಿ ಅರ್ಧ ಮಾಡಿದ್ದೀನಿ, ಕಡ್ಡಿ ಇಟ್ಟು” ಎಂದೆ. “ತೂಕದಲ್ಲಿ ಬೇಕು ಅಂದ್ರೆ ಸ್ವಲ್ಪ ವ್ಯತ್ಯಾಸ ಬರಬಹುದು. ತಾಳು, ಎಷ್ಟು ಅಂತ ನೋಡಿ ಸರಿಮಾಡಿಕೊಡ್ತೀನಿ.” ಕೊರಡಿನ ಮೇಲೆ ಕೂತು, ಜೇಬಿನಿಂದ ಕಾಗದ, ಪೆನ್ಸಿಲು ತೆಗೆದು, ಎಂಟೂವರೆಯನ್ನು ಎಣ್ಣೆಯ ಸಾಂದ್ರತೆಯಿಂದ ಗುಣಿಸಿದೆ. ಹದಿನೇಳನ್ನೂ ಗುಣಿಸಿದೆ. ಬಂದದ್ದನ್ನು ಎರಡರಿಂದ ಭಾಗಿಸಿದೆ. ಎರಡೂ ಒಂದೇ ಬಂತು. ಎಲ್ಲೋ ತಪ್ಪಾಗಿದೆ ಎಂದು ಮತ್ತೊಮ್ಮೆ ಮೊದಲಿನಿಂದ ಗುಣಿಸಿದೆ.

ಬಾಗಿಲಲ್ಲಿ ಅತ್ತೆ ಕೆಮ್ಮುತ್ತಿದ್ದಾರೆ ಎಂದುಕೊಂಡಿದ್ದೆ. ತಲೆಯೆತ್ತಿ ನೋಡಿದರೆ ಅದು ಕೆಮ್ಮಲ್ಲ. ಏಪ್ರನ್ನಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಪ್ರೊಕೋಪಿಸ್ ಕೊಡಲಿ ಬಿಟ್ಟು, ಗೋಡೆ ಹಿಡಿದುಕೊಂಡು, ಹೊಟ್ಟೆ ಹುಣ್ಣಾಗುವ ಹಾಗೆ ನಗುತ್ತಿದ್ದ.

“ಅರ್ಧ ಅರ್ಧಾನೇ ಕಣೋ ಮಗಾ” ಎಂದರು ಅತ್ತೆ, ಉಸಿರು ಸಿಕ್ಕ ಮೇಲೆ. “ಯಾವುದ್ರಲ್ಲಿ ಅಳೆದ್ರೂ ಅರ್ಧಾನೇ. ನಿಂಗೆ ಪಿಂಚಣಿ ಕೊಡ್ತಿರೋರು ಯಾರು?”

ನನಗೂ ನಗು ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ನಗು ಬರಲು ಒಂದು ವಾರ ಹಿಡಿಯಿತು. ಆದರೆ ಪ್ರೊಕೋಪಿಸ್ ಡಬ್ಬವನ್ನು ಒಳಗೆ ತೆಗೆದುಕೊಂಡು ಹೋದ, ಕಾಫಿ ಕೊಟ್ಟ. ಹೊರಡುವಾಗ ನನ್ನ ಕೈಯಲ್ಲಿದ್ದ ಕಾಗದವನ್ನು “ಇದು ಇಲ್ಲೇ ಇರ್ಲಿ” ಎಂದು ಕಸಿದುಕೊಂಡ.

ಕ್ರಿಸ್‌ಮಸ್ ದಿನ ಅವನು ಬಂದ, ಅತ್ತೆಯನ್ನೂ ಕರೆದುಕೊಂಡು ಬಂದ. ಎರಾಸ್ಮಿಯಾ ಲೋಟದಲ್ಲೇ ಅಳೆದು, ಹಿಟ್ಟಿನ ಮಾತು ಕೇಳಿ ಮಾಡಿದ ಬಿಸ್ಕತ್ತುಗಳು ಬಾಯಲ್ಲಿಟ್ಟರೆ ಕರಗುತ್ತಿದ್ದವು. ತಮ್ಮ ಮೇಜಿಗೆ ಕೂತ ಕೂಡಲೇ ಅವಳ ಮುಖ, ಡಬ್ಬ ಬಂದ ದಿನ ಅರಳುವ ಹಾಗೆಯೇ, ಅರಳಿತು. ಹೋಗಲಿ, ಇಷ್ಟರಲ್ಲಿ ನನ್ನ ಪಾಲೂ ಸ್ವಲ್ಪ ಇದೆ ಎಂದುಕೊಂಡೆ.

ಊಟವಾದ ಮೇಲೆ ಪ್ರೊಕೋಪಿಸ್ ಜೇಬಿನಿಂದ ಮಡಿಸಿದ ಕಾಗದ ತೆಗೆದು, “ಭಾವ, ಪಾದ್ರಿಗಳು ನಿಮಗೆ ಉಡುಗೊರೆ ಕಳಿಸಿದ್ದಾರೆ” ಎಂದು ಕೊಟ್ಟ. ಕೊರಡಿನ ಮೇಲೆ ಕೂತು ನಾನು ಮಾಡಿದ ಲೆಕ್ಕ ಅದು. ಕೆಂಪು ಶಾಯಿಯಲ್ಲಿ ತಿದ್ದಿದ್ದರು. ಕೆಳಗೆ ಇಪ್ಪತ್ತಕ್ಕೆ ನಾಲ್ಕು ಎಂದು ಬರೆದು ಅದನ್ನು ಹೊಡೆದುಹಾಕಿ, ಇಪ್ಪತ್ತಕ್ಕೆ ಮೂರೂವರೆ ಎಂದು ಬರೆದಿದ್ದರು. ಅಂಚಿನಲ್ಲಿ, ನನ್ನದೇ ಹಳೆಯ ಶೈಲಿಯಲ್ಲಿ, ಒಂದು ಷರಾ ಇತ್ತು: ‘ಎಲ್ಲೂ ಏಕಮಾನ ಬರೆದಿಲ್ಲ. ಅರ್ಧ ಅಂಕ ಕಡಿಯಲಾಗಿದೆ.’

ಕಾಗದ ಈಗ ನಮ್ಮ ಫ್ರಿಜ್ಜಿನ ಬಾಗಿಲ ಮೇಲಿದೆ. ನನ್ನ ಸಹಿಯಿದ್ದ ಮೂಲೆಗೆ ಸರಿಯಾಗಿ ಕೂರುವ ಹಾಗೆ ಎರಾಸ್ಮಿಯಾಳೇ ಅಂಟಿಸಿದ್ದಾಳೆ.